ಒಳಗೆ ಏನೂ ಇಲ್ಲ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಫೋನು ತೆರೆದರೆ ತಮ್ಮನ ಮಗಳ ಧ್ವನಿ ಕಾದಿತ್ತು. ಲಂಡನ್ನಿನ ಹೊರವಲಯದಲ್ಲಿ ಸಂಸಾರ ಹೂಡಿರುವ ಹುಡುಗಿ. ಭಾನುವಾರ ಗಂಡ, ಮಗು, ಊರಿಂದ ಬಂದಿರುವ ಅತ್ತೆ ಮಾವ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬೋಡಿಯಂ ಕೋಟೆ ನೋಡಿಬಂದಿದ್ದಾಳೆ. "ದೊಡ್ಡಪ್ಪ, ನೀವು ಅಷ್ಟೊಂದು ಹೇಳಿದ್ರಿ ಅಂತ ಹೋದ್ವಿ. ಹೊರಗಿಂದ ಫೋಟೋಗೆ ಚೆನ್ನಾಗಿದೆ. ಒಳಗೆ ಏನೂ ಇಲ್ಲ. ಬರೀ ಗೋಡೆ. ಅರ್ಧ ಗಂಟೇಲಿ ಮುಗಿದುಹೋಯ್ತು."

ಏನೂ ಇಲ್ಲವೆ! ಸ್ನಾನ ಮಾಡುವಾಗ, ಪೇಪರ್ ತಿರುವುವಾಗ, ತಟ್ಟೆಯ ಮುಂದೆ ಕೂತಾಗ ಅದೇ ಮಾತು ಕಿವಿಯಲ್ಲಿ. ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ಮಾತಿನ ಮೇಲೆ. ಅದನ್ನು ಹಂಪಿಯಲ್ಲಿ ಕೇಳಿದ್ದೇನೆ, ಚಿತ್ರದುರ್ಗದ ಏಳು ಸುತ್ತು ಏರಿ ಉಸಿರು ಬಿಡುತ್ತ ನಿಂತವರ ಬಾಯಲ್ಲಿ ಕೇಳಿದ್ದೇನೆ, ಕವಲೇದುರ್ಗದ ಅರಮನೆಯ ಬರಿದಾದ ಜಗಲಿಯ ಮೇಲೆ ಬುತ್ತಿ ಬಿಚ್ಚಿದವರಿಂದ ಕೇಳಿದ್ದೇನೆ. ಮಂಚ ಇಲ್ಲ, ಸಿಂಹಾಸನ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಕತ್ತಿ ಇಲ್ಲ. ಆದ್ದರಿಂದ ಏನೂ ಇಲ್ಲ. ಇಂಗ್ಲೆಂಡಿನಲ್ಲಿ ಒಳಗೆ ಏನಾದರೂ ಇರುವ ಕೋಟೆ ಬೇಕಾದವರಿಗೆ ಕೊರತೆಯಿಲ್ಲ. ವಿಂಡ್ಸರಿನಲ್ಲಿ ಇವತ್ತಿಗೂ ಅರಸು ಮನೆತನ ವಾಸವಾಗಿದೆ. ವಾರಿಕ್ ಕೋಟೆಯ ಕೋಣೆಗಳಲ್ಲಿ 1898ರ ಸಿರಿವಂತರ ಔತಣಕೂಟವನ್ನೇ ಮೇಣದ ಬೊಂಬೆಗಳಲ್ಲಿ ಮಾಡಿಟ್ಟಿದ್ದರು. ಕೆಂಟ್ ಸೀಮೆಯ ಲೀಡ್ಸ್ ಕೋಟೆಯಲ್ಲಿ ನಾಯಿಗಳ ಕೊರಳಪಟ್ಟಿಗಳಿಗೆಂದೇ ಒಂದು ಸಂಗ್ರಹಾಲಯವಿದೆ. ಅವೆಲ್ಲ ಇರಲಿ. ಹುಲ್ಲು ಎಷ್ಟು ಹಸಿರು, ಟಿಕೆಟ್ ಎಷ್ಟು ದುಬಾರಿ, ಮಳೆ ಹೇಗೆ ಕಾಡಿತು ಎಂಬುದನ್ನು ಹೋಗಿಬಂದವರೆಲ್ಲ ಹೇಳುತ್ತಾರೆ, ನಾನೂ ಹೇಳಬೇಕಾಗಿಲ್ಲ. ನನಗೆ ಬೋಡಿಯಮ್ಮಿನ ಖಾಲಿತನದ ಬಗ್ಗೆ ಮಾತಾಡಬೇಕು.

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಈಸ್ಟ್ ಸಸೆಕ್ಸಿನ ರಾದರ್ ಎಂಬ ಸಣ್ಣ ಹೊಳೆಯ ಕಣಿವೆಯಲ್ಲಿ ಈ ಕೋಟೆ ಇದೆ. ಗುಡ್ಡದ ನೆತ್ತಿಯ ಮೇಲಲ್ಲ, ಇಳಿಜಾರಿನ ಬುಡದಲ್ಲಿ, ಅಗಲವಾದ ನೀರಿನ ನಡುವೆ. ಚೌಕ ಆಕಾರ, ನಾಲ್ಕು ಮೂಲೆಗೆ ನಾಲ್ಕು ದುಂಡು ಬುರುಜು, ಗೋಡೆಗಳ ನಡುವೆ ಚೌಕದ ಬುರುಜು, ಉತ್ತರಕ್ಕೆ ಜೋಡಿ ಗೋಪುರದ ಹೆಬ್ಬಾಗಿಲು, ದಕ್ಷಿಣಕ್ಕೆ ದಿಡ್ಡಿಬಾಗಿಲು. ಗಾಳಿ ಇಲ್ಲದ ಹೊತ್ತಿನಲ್ಲಿ ನೋಡಿದರೆ ನೀರಿನಲ್ಲಿ ಇನ್ನೊಂದು ಕೋಟೆ ತಲೆಕೆಳಗಾಗಿ ನಿಂತಿರುತ್ತದೆ. ಕಂದಕವನ್ನು ಅಷ್ಟು ಅಗಲ ಮಾಡಿದ್ದರಿಂದ ಕೋಟೆ ತನ್ನ ನಿಜವಾದ ಅಳತೆಗಿಂತ ಹಿರಿದಾಗಿ ಕಾಣುತ್ತದೆ. ಕಟ್ಟಿಸಿದವನಿಗೆ ಅದು ಚೆನ್ನಾಗಿ ಗೊತ್ತಿತ್ತು ಎಂದೇ ನಾನು ನಂಬಿದ್ದೇನೆ. ಹಳೆಯ ಕಾಲದ ಮರದ ಸೇತುವೆ ನೇರವಾಗಿ ಹೆಬ್ಬಾಗಿಲಿಗೆ ಬರುತ್ತಿರಲಿಲ್ಲ. ಪಶ್ಚಿಮದ ದಡದಿಂದ ಹೊರಟು, ನೀರಿನ ನಡುವಿನ ಎಂಟು ಮೂಲೆಯ ದಿಬ್ಬಕ್ಕೆ ಬಂದು, ಅಲ್ಲಿ ತಿರುಗಿ ಬಾಗಿಲಿಗೆ ಎದುರಾಗುತ್ತಿತ್ತು. ಬಂದ ಅತಿಥಿ ಕೋಟೆಯ ಒಂದು ಪಕ್ಕವನ್ನೆಲ್ಲ ನೋಡುತ್ತಲೇ ಬರಬೇಕು. ಬಂದ ಶತ್ರು ಒಂದು ಪಕ್ಕದ ಬಾಣಗಳಿಗೆಲ್ಲ ಮೈಯೊಡ್ಡುತ್ತಲೇ ಬರಬೇಕು.

ಕಟ್ಟಿಸಿದವನ ಹೆಸರು ಸರ್ ಎಡ್ವರ್ಡ್ ಡ್ಯಾಲಿಂಗ್‌ರಿಜ್. ತಂದೆಯ ಆಸ್ತಿಗಿಂತ ಫ್ರಾನ್ಸಿನ ಯುದ್ಧದಲ್ಲಿ ಗಳಿಸಿದ್ದು ಅವನನ್ನು ಮೇಲಕ್ಕೆತ್ತಿತು. ನೂರು ವರ್ಷಗಳ ಯುದ್ಧ ಎಂದು ಚರಿತ್ರೆಯಲ್ಲಿ ಹೆಸರಾದ ಆ ಕದನದಲ್ಲಿ ಸಂಬಳಕ್ಕೂ ಸುಲಿಗೆಗೂ ಕಾದಾಡುವ ಪಡೆಗಳಿದ್ದವು. ಅಂಥ ಪಡೆಯ ಜೊತೆ ಫ್ರಾನ್ಸಿನ ಊರುಗಳ ಮೇಲೆ ಬಿದ್ದು ಇವನು ದುಡ್ಡು ಮಾಡಿದ. ಬೋಡಿಯಂ ಜಹಗೀರಿನ ವಾರಸುದಾರಳಾದ ಎಲಿಜಬೆತ್ ವಾರ್ಡ್ಯೂಳನ್ನು ಮದುವೆಯಾದ. 1377ರಲ್ಲಿ ಫ್ರೆಂಚರು ಹತ್ತಿರದ ರೈ ಬಂದರನ್ನು ಸುಟ್ಟರು. 1380ರಲ್ಲಿ ವಿಂಚೆಲ್ಸಿಯ ಸರದಿ. ಆಗ ರಾದರ್ ಹೊಳೆಯಲ್ಲಿ ದೋಣಿಗಳು ಬೋಡಿಯಮ್ಮಿನವರೆಗೂ ಬರುತ್ತಿದ್ದವು. 1385ರ ಅಕ್ಟೋಬರಿನಲ್ಲಿ ಎರಡನೆಯ ರಿಚರ್ಡ್ ದೊರೆ ಇವನಿಗೆ ಮನೆಯ ಸುತ್ತ ಕಲ್ಲು ಗೋಡೆ ಎಬ್ಬಿಸಿ ತೆನೆ ಕಟ್ಟಿ ಕೋಟೆ ಮಾಡಿಕೊಳ್ಳಲು ಅಪ್ಪಣೆ ಕೊಟ್ಟ. ಇವನು ಹಳೆಯ ಮನೆಯ ಗೊಡವೆಗೇ ಹೋಗದೆ ಹೊಸ ಜಾಗದಲ್ಲಿ ಹೊಸ ಕೋಟೆಯನ್ನೇ ಎಬ್ಬಿಸಿದ.

ಈ ಕೋಟೆ ಯುದ್ಧಕ್ಕೋ ಪ್ರತಿಷ್ಠೆಗೋ ಎಂದು ಇಂಗ್ಲೆಂಡಿನ ವಿದ್ವಾಂಸರು ದಶಕಗಳಿಂದ ವಾದಿಸುತ್ತಿದ್ದಾರೆ. ಕಿಟಕಿಗಳು ದೊಡ್ಡವು, ಕಂದಕದ ಏರಿ ಒಡೆದರೆ ನೀರು ಹರಿದುಹೋಗುತ್ತದೆ, ಎದುರಿನ ಗುಡ್ಡದಿಂದ ಒಳಗಿನದೆಲ್ಲ ಕಾಣುತ್ತದೆ. ಇದೆಂಥ ಕೋಟೆ ಎನ್ನುವುದು ಒಂದು ಪಕ್ಷ. ಹೆಬ್ಬಾಗಿಲ ಚಾವಣಿಯಲ್ಲಿ ಶತ್ರುವಿನ ನೆತ್ತಿಯ ಮೇಲೆ ಸುರಿಯಲೆಂದು ಬಿಟ್ಟ ತೂತುಗಳಿವೆ, ಮೇಲಿಂದ ಇಳಿಬಿಡುವ ಮರದ ಜಾಲರಿ ಬಾಗಿಲು ಇವತ್ತಿಗೂ ಅದರ ಗೂಡಿನಲ್ಲಿದೆ, ಆಟಕ್ಕೆ ಯಾರೂ ಇಷ್ಟು ಖರ್ಚು ಮಾಡುವುದಿಲ್ಲ ಎನ್ನುವುದು ಇನ್ನೊಂದು ಪಕ್ಷ.

ಈ ಜಗಳ ಓದುವಾಗ ನನಗೆ ರನ್ನನ ದುರ್ಯೋಧನ ಅಡ್ಡ ಬರುತ್ತಾನೆ. ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕೂತವನ ಕಿವಿಗೆ ದಡದಿಂದ ಭೀಮನ ಗರ್ಜನೆ ಬೀಳುತ್ತದೆ. ಸುತ್ತ ತಣ್ಣೀರಿದ್ದರೂ ಮೈ ಬೆವರುತ್ತದೆ. ಪಾಠ ಕೇಳುವಾಗ ಹುಡುಗರಾದ ನಾವು ಅದು ಹೆದರಿಕೆಯ ಬೆವರು ಎಂದುಕೊಂಡಿದ್ದೆವು. ಮೇಷ್ಟರು ಪದ್ಯವನ್ನು ಮತ್ತೆ ಓದಿಸಿ, ಅವನ ಕಣ್ಣು ಕೋಪದಿಂದ ಕೆಂಪಾಗಿದೆ, ನೋಡ್ರೋ ಎಂದು ತೋರಿಸಿದರು. ಅಡಗಿ ಕೂತವನಿಗೆ ಕೋಪ, ಛಲದವನಿಗೆ ಅಡಗುವ ಗತಿ. ಎರಡೂ ಒಂದೇ ಮೈಯಲ್ಲಿ. ಡ್ಯಾಲಿಂಗ್‌ರಿಜ್‌ನ ನೀರುಕೋಟೆಯ ಮುಂದೆ ನಿಂತರೆ ನನಗೆ ಕಾಣುವುದೂ ಅದೇ. ಪರರ ಊರಿನ ಮೇಲೆ ಬಿದ್ದು ಸಿರಿವಂತನಾದವನು ತನ್ನ ಮನೆಯನ್ನು ನೀರಿನ ನಡುವೆ ತಂದಿಟ್ಟುಕೊಂಡ. ಬೆಂಕಿ ಹೇಗೆ ಬರುತ್ತದೆ, ಎಷ್ಟು ಬೇಗ ಬರುತ್ತದೆ ಎಂಬುದು ಅವನಷ್ಟು ಚೆನ್ನಾಗಿ ಆ ಸೀಮೆಯಲ್ಲಿ ಯಾರಿಗೆ ಗೊತ್ತಿತ್ತು? ಹಾಗೆಯೇ, ತಾನು ಬೆಳೆದ ಎತ್ತರವನ್ನು ನೆರೆಹೊರೆಯವರು ನೋಡಲಿ ಎಂಬ ಹಂಬಲವೂ ಅವನಿಗಿತ್ತು. ಹೆದರಿಕೆಯೋ ಹೆಮ್ಮೆಯೋ ಎಂದು ಒಂದನ್ನೇ ಆರಿಸಬೇಕು ಎನ್ನುವ ವಿದ್ವಾಂಸರು ಮನುಷ್ಯನನ್ನು ಅರ್ಧ ಮಾಡುತ್ತಿದ್ದಾರೆ.

ಇನ್ನು ಒಳಗೆ. ಸೇತುವೆ ದಾಟಿ ಹೆಬ್ಬಾಗಿಲು ಹೊಕ್ಕರೆ ಎದುರಿಗೆ ಹುಲ್ಲಿನ ಅಂಗಳ, ಮೇಲೆ ಆಕಾಶ. ನಿಜ, ಸೂರಿಲ್ಲ, ಮಹಡಿಯಿಲ್ಲ. ಆದರೆ ಗೋಡೆಯಲ್ಲಿ, ಎರಡು ಆಳೆತ್ತರದಲ್ಲಿ, ಒಂದು ಬೆಂಕಿಗೂಡು ಇದೆ. ಅದರ ಮುಂದೆ ನಿಂತು ಕೈ ಕಾಯಿಸಿಕೊಳ್ಳಲು ನೆಲವೇ ಇಲ್ಲ. ಆ ಗೂಡು ಕಂಡೊಡನೆ ಅಲ್ಲೊಂದು ಮಹಡಿ ಇತ್ತೆಂದು ಗೊತ್ತಾಗುತ್ತದೆ. ತೊಲೆ ಕೂರಿಸಿದ ಗುಳಿಗಳ ಸಾಲು ಕಣ್ಣಿಗೆ ಬೀಳುತ್ತದೆ. ಆ ಸಾಲು ಹಿಡಿದು ಹೋದರೆ ಒಂದು ಕೋಣೆ ಗಾಳಿಯಲ್ಲಿ ಮೂಡುತ್ತದೆ. ಪಕ್ಕದಲ್ಲಿ ಗೋಡೆಯ ದಪ್ಪದೊಳಗೆ ಒಂದು ಕಿರಿದಾದ ಗೂಡು: ಪಾಯಿಖಾನೆ. ನೇರ ಕಂದಕಕ್ಕೆ ಬೀಳುವ ಏರ್ಪಾಡು. ದಕ್ಷಿಣದ ಕಡೆ ದೊಡ್ಡ ಹಜಾರವಿದ್ದ ಜಾಗ. ಅದರ ಒಂದು ಕೊನೆಯಲ್ಲಿ ಸಾಲಾಗಿ ಮೂರು ಬಾಗಿಲು. ಒಂದು ರೊಟ್ಟಿ ಇಡುವ ಕೋಣೆಗೆ, ಒಂದು ಪೀಪಾಯಿಗಳ ಕೋಣೆಗೆ, ನಡುವಿನದು ಅಡುಗೆಮನೆಗೆ. ಮೇಲ್ಕೊನೆಯಲ್ಲಿ ಯಜಮಾನನ ಆಸನ. ಅಡುಗೆಮನೆಯಿಂದ ಹೊರಟ ಮಾಂಸದ ತಟ್ಟೆ ಅವನವರೆಗೆ ಬರುವಷ್ಟರಲ್ಲಿ ಎಷ್ಟು ಆರಿರುತ್ತಿತ್ತು ಎಂದು ಹೆಜ್ಜೆ ಹಾಕಿಯೇ ತಿಳಿಯಬಹುದು. ನಾನು ಹೆಜ್ಜೆ ಹಾಕಿ ನೋಡಿದೆ. ಸಿಪ್ಪೆ ಸುಲಿದ ಹಣ್ಣಿನಂತೆ ಆ ಮನೆ ತನ್ನ ತೊಳೆಗಳನ್ನೆಲ್ಲ ತೋರಿಸುತ್ತ ನಿಂತಿದೆ. ಮಂಚ, ಪರದೆ, ಮೇಣದ ಬೊಂಬೆ ತುಂಬಿದ ಕೋಣೆಯಲ್ಲಿ ಯಾರೋ ನಮಗಾಗಿ ಕಲ್ಪಿಸಿ ಮುಗಿಸಿರುತ್ತಾರೆ. ನಾವು ಹಗ್ಗದ ಈಚೆ ಸಾಲಿನಲ್ಲಿ ನಿಂತು ಮುಂದೆ ಸಾಗಬೇಕು. ಬೋಡಿಯಮ್ಮಿನಲ್ಲಿ ಕೆಲಸವನ್ನೆಲ್ಲ ನಾವೇ ಮಾಡಬೇಕು. ಅರ್ಧ ಗಂಟೆ ಸಾಲುವುದಿಲ್ಲ.

ಖಾಲಿಯಾದದ್ದಕ್ಕೂ ಕಾರಣವಿದೆ. 1640ರ ದಶಕದಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ ಇದರ ಒಡೆಯ ದೊರೆಯ ಕಡೆಯವನು. ಪಾರ್ಲಿಮೆಂಟು ಹೇರಿದ ದಂಡ ಕಟ್ಟಲು 1644ರಲ್ಲಿ ಕೋಟೆಯನ್ನು ಮಾರಿದ. ಮುಂದೆ ಇದು ಮತ್ತೆ ಕೋಟೆಯಾಗದಂತೆ ಸೇತುವೆಯನ್ನೂ ಒಳಗಿನ ಕಟ್ಟಡಗಳನ್ನೂ ಕೆಡವಿದರು. ಐವಿ ಬಳ್ಳಿ ಹಬ್ಬಿತು. ಚಿತ್ರಕಾರರು ಬಂದರು, ಟರ್ನರ್ ಕೂಡ ಬರೆದ. ಕಲ್ಲಿನ ಬೆಲೆಗೆ ಇದನ್ನು ಒಡೆದು ಮಾರುವ ಮಾತು ಎದ್ದಾಗ 1829ರಲ್ಲಿ ಜಾನ್ ಫುಲ್ಲರ್ ಎಂಬ ಜಮೀನುದಾರ ಕೊಂಡು ಉಳಿಸಿದ. ಜಮೈಕಾದಲ್ಲಿ ಗುಲಾಮರು ದುಡಿಯುವ ತೋಟಗಳಿದ್ದ ಮನುಷ್ಯ. ಗುಲಾಮಗಿರಿ ನಿಲ್ಲಬಾರದೆಂದು ಪಾರ್ಲಿಮೆಂಟಿನಲ್ಲಿ ವಾದಿಸಿದವನು. ಮೈಕೆಲ್ ಫ್ಯಾರಡೆ 1833ರಲ್ಲಿ ಏರಿದ ಪ್ರಾಧ್ಯಾಪಕ ಪೀಠಕ್ಕೆ ಹಣ ಕೊಟ್ಟವನೂ ಅವನೇ. ಮೊದಲ ಮಹಾಯುದ್ಧದ ನಡುವೆ ಕೋಟೆ ಇನ್ನೊಂದು ಕೈಗೆ ಬಂತು. ಆ ಹೆಸರು ನಮಗೆ ಚೆನ್ನಾಗಿ ಗೊತ್ತು: ಲಾರ್ಡ್ ಕರ್ಜನ್.

ಬಂಗಾಳವನ್ನು 1905ರಲ್ಲಿ ಸೀಳಿದ ಕರ್ಜನ್. ಅದೇ ಕರ್ಜನ್ ವೈಸ್‌ರಾಯ್ ಆಗಿದ್ದಾಗ ಬಿಜಾಪುರಕ್ಕೆ ಬಂದು, ಆದಿಲ್‌ಶಾಹಿ ಕಾಲದ ಮಸೀದಿಗಳಲ್ಲಿ ಸರ್ಕಾರದ ಬಂಗಲೆ, ಅಂಚೆ ಕಚೇರಿ ಬಿಡಾರ ಹೂಡಿದ್ದನ್ನು ಕಂಡು ತೆರವು ಮಾಡಿಸಿದ. 1902ರಲ್ಲಿ ಜಾನ್ ಮಾರ್ಷಲ್‌ನನ್ನು ಪುರಾತತ್ವ ಇಲಾಖೆಯ ತಲೆಯಾಗಿ ಕರೆಸಿದ, 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆ ತಂದ. ಭಾರತದಿಂದ ಹಿಂತಿರುಗಿದವನು ಬೋಡಿಯಮ್ಮಿಗೂ ಅದೇ ಕೈ ಹಚ್ಚಿದ: ಕಂದಕದ ನೀರು ಬತ್ತಿಸಿ ಹೂಳೆತ್ತಿಸಿದ, ಬಳ್ಳಿ ಕೀಳಿಸಿ ಗೋಡೆಗಳನ್ನು ಭದ್ರ ಮಾಡಿಸಿದ, 1919ರಲ್ಲಿ ಅಗೆಸಿ ನೋಡಿದ, ಕೋಟೆಯ ಮೇಲೆ ಪುಸ್ತಕ ಬರೆದ. 1925ರಲ್ಲಿ ಸತ್ತಾಗ ಕೋಟೆಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದ. ಅವನು ಮಾಡಿದ ಕೆಲಸಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಅವನು ಮಾಡದೆ ಬಿಟ್ಟ ಒಂದಕ್ಕೆ. ದುಡ್ಡಿತ್ತು, ಅಧಿಕಾರವಿತ್ತು, ಕೋಟೆ ತನ್ನದೇ ಆಗಿತ್ತು. ಬೇಕಾಗಿದ್ದರೆ ಸೂರು ಹೊದಿಸಿ, ಕೋಣೆ ಕಟ್ಟಿಸಿ, ಹದಿನಾಲ್ಕನೆಯ ಶತಮಾನದ ಸಾಮಾನು ತುಂಬಿಸಬಹುದಿತ್ತು. ಮುರಿದದ್ದನ್ನು ಮುರಿದಂತೆಯೇ ನಿಲ್ಲಿಸಿದ. ಬಂಗಾಳದ ಗಾಯವನ್ನು ಇದು ಮಾಯಿಸುವುದಿಲ್ಲ. ಬಿಜಾಪುರದ ಮಸೀದಿಗಳಿಂದ ಕಚೇರಿಗಳು ಹೊರಬಿದ್ದದ್ದು ಒಳ್ಳೆಯದಾಯಿತು ಎಂಬುದೂ ಹಾಗೆಯೇ ನಿಲ್ಲುತ್ತದೆ.

ಆದರೆ ನನ್ನ ಹುಡುಗಿ ಅರ್ಧ ಗಂಟೆಯಲ್ಲಿ ಮುಗಿಸಿದ್ದಕ್ಕೆ ಕಾರಣ ಖಾಲಿ ಕೋಣೆಗಳಲ್ಲ. ಅವಳು ಕಾರಿನಲ್ಲಿ ಹೋದಳು. ವಾಹನ ನಿಲ್ಲಿಸುವ ಜಾಗದಿಂದ ಕೋಟೆಗೆ, ಕೋಟೆಯಿಂದ ಚಹಾದಂಗಡಿಗೆ, ಅಲ್ಲಿಂದ ಮತ್ತೆ ಕಾರಿಗೆ. ಬೋಡಿಯಮ್ಮನ್ನು ನೋಡಬೇಕಾದರೆ ಅದಕ್ಕೆ ಬೆನ್ನು ಹಾಕಿ, ಹೊಳೆಯ ಸೇತುವೆ ದಾಟಿ, ಎದುರಿನ ದಿಬ್ಬದ ಮೇಲಿರುವ ಯೂಹರ್ಸ್ಟ್ ಗ್ರೀನ್ ಎಂಬ ಹಳ್ಳಿಗೆ ಹೊಲಗಳ ನಡುವೆ ನಡೆದು ಹೋಗಬೇಕು. ಹೆಚ್ಚು ದೂರವಿಲ್ಲ. ಮೇಲೆ ಒಂದು ಹಳೆಯ ಇಗರ್ಜಿ, ಮರದ ಬಿಲ್ಲೆ ಹೊದಿಸಿದ ಚೂಪು ಶಿಖರ. ಅಲ್ಲಿಂದ ತಿರುಗಿ ನೋಡಿದರೆ ಕಣಿವೆಯ ತಳದಲ್ಲಿ ಕೋಟೆ, ಸುತ್ತ ಬೇಲಿಗಳ ಗೆರೆ, ಕುರಿಗಳು, ಹೊಳೆಯ ಬಾಗು. ದೋಣಿ ಎಲ್ಲಿಂದ ಬರಬಹುದಿತ್ತು, ಕಾವಲಿನವನು ಎತ್ತ ನೋಡುತ್ತಿದ್ದ ಎಂಬುದು ಆಗ ತಿಳಿಯುತ್ತದೆ.

ಹಾಗೆ ನಡೆದು ಹೋಗುವುದಕ್ಕೆ ದಾರಿ ಇದೆಯೆ? ಇದೆ. ಈ ವಿಷಯಕ್ಕೆ ಬಂದರೆ ನನ್ನನ್ನು ನಿಲ್ಲಿಸುವುದು ಮನೆಯವರಿಗೆ ಕಷ್ಟ. ಇಂಗ್ಲೆಂಡು ನನಗೆ ತೋರಿಸಿದ ಅತಿ ದೊಡ್ಡ ಅಚ್ಚರಿ ಕೋಟೆಯಲ್ಲ, ಕಾಲುದಾರಿ. ಹೊಲ ಒಬ್ಬ ರೈತನದು. ಅದರ ನಡುವೆ ಒಂದು ಗೆರೆಯಷ್ಟು ಜಾಗದಲ್ಲಿ ನಡೆಯುವ ಹಕ್ಕು ಎಲ್ಲರದು. ಊರಿನವರದಷ್ಟೇ ಅಲ್ಲ, ಮೈಸೂರಿನಿಂದ ಹೋಗಿ ನಿಂತ ನನ್ನದೂ ಹೌದು. ಬೇಲಿಯ ಕಂಬದ ಮೇಲೆ ಹಳದಿ ಬಾಣದ ಸಣ್ಣ ಬಿಲ್ಲೆ ಇದ್ದರೆ ಅದು ಕಾಲ್ನಡಿಗೆಯ ದಾರಿ. ನೀಲಿ ಬಾಣ ಇದ್ದರೆ ಕುದುರೆಯೂ ಹೋಗಬಹುದು. ಬೇಲಿ ಅಡ್ಡ ಬಂದರೆ ಹತ್ತಿ ಇಳಿಯಲು ತಡಬೆ ಇರುತ್ತದೆ, ಇಲ್ಲವೇ ಒಬ್ಬೊಬ್ಬರೇ ನುಸುಳುವ ತಿರುಗು ಬಾಗಿಲು. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಇಂಥ ಸಾರ್ವಜನಿಕ ಹಕ್ಕಿನ ದಾರಿಗಳು ಸುಮಾರು 1,40,000 ಮೈಲಿ ಇವೆ. ಅವನ್ನು ಯಾವ ಇಂಜಿನಿಯರನೂ ಹಾಕಲಿಲ್ಲ. ಇಗರ್ಜಿಗೆ ಹೋದವರು, ಗಿರಣಿಗೆ ಮೂಟೆ ಹೊತ್ತವರು, ಸಂತೆಗೆ ಕುರಿ ಹೊಡೆದವರು, ಮುಖ ನೋಡಲು ಕದ್ದು ಓಡಾಡಿದ ಪ್ರೇಮಿಗಳು ಮೆಟ್ಟಿ ಮೆಟ್ಟಿ ಮಾಡಿದ್ದು.

ಕಾನೂನು ಇಷ್ಟು ಸೂಕ್ಷ್ಮವಾಗಿರಬಲ್ಲದು ಎಂದು ಅಲ್ಲಿ ನೋಡಿಯೇ ನಂಬಿದೆ. ಒಂದು ದಾರಿಯಲ್ಲಿ ಜನ 20 ವರ್ಷ ಅಡ್ಡಿಯಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ನಡೆದಿದ್ದರೆ ಜಮೀನಿನವನು ಅದನ್ನು ಜನಕ್ಕೆ ಬಿಟ್ಟಿದ್ದಾನೆಂದೇ ಕಾನೂನು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸಬೇಕಾದವನು ಅವನು. ದಾರಿ ಹೊಲದ ನಡುವೆ ಹಾದಿದ್ದರೆ ರೈತ ಉಳಬಹುದು, ಆದರೆ ಬಿತ್ತನೆಗೆಂದು ಮೊದಲು ಉತ್ತ ದಿನದಿಂದ 14 ದಿನದೊಳಗೆ ನಡೆಯಲು ಆಗುವಂತೆ ದಾರಿಯನ್ನು ಮತ್ತೆ ಸಮ ಮಾಡಿಕೊಡಬೇಕು. ಗೋಧಿ ಎದೆಯೆತ್ತರ ಬೆಳೆದ ಹೊಲದ ನಡುವೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಪೈರು ಬಿಟ್ಟು ನೇರವಾಗಿ ಸಾಗುವ ಗೆರೆಯನ್ನು ಕಂಡಾಗ ನನ್ನ ಕಣ್ಣು ತುಂಬಿತು. ರೈತನಿಗೆ ಅಷ್ಟು ಕಾಳು ನಷ್ಟ. ಆದರೂ ಬಿಟ್ಟಿದ್ದಾನೆ. ಬಿಡುವಂತೆ ನೋಡಿಕೊಳ್ಳುವ ಜನ ಊರೂರಿನಲ್ಲಿ ಇದ್ದಾರೆ. ಹಳೆಯ ತೆರಿಗೆ ನಕಾಶೆ, ರೈಲ್ವೆ ಕಂಪನಿಯ ನಕಾಶೆ, ಇಗರ್ಜಿಯ ಲೆಕ್ಕದ ಪುಸ್ತಕ ಬಿಡಿಸಿ ಕೂತು, ಮುಚ್ಚಿಹೋದ ದಾರಿಯನ್ನು ಮತ್ತೆ ದಾಖಲೆಗೆ ಸೇರಿಸುವ ನಿವೃತ್ತ ಮೇಷ್ಟರು, ಗೃಹಿಣಿಯರು. ಸಂಬಳವಿಲ್ಲದ ಕೆಲಸ.

ಇದೆಲ್ಲ ಜಮೀನುದಾರರ ಔದಾರ್ಯದಿಂದ ಬಂದದ್ದಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಕು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಗಿರಣಿ, ಕಾರ್ಖಾನೆಗಳ ಹುಡುಗ ಹುಡುಗಿಯರು ನೂರಾರು ಮಂದಿ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಬಯಲನ್ನು ಏರಿದರು. ಅದು ಡೆವನ್‌ಶೈರ್ ಡ್ಯೂಕನ ಬೇಟೆಯ ಜಾಗ. ವರ್ಷದ ಕೆಲವೇ ದಿನ ಹಕ್ಕಿ ಹೊಡೆಯಲು ಇಟ್ಟುಕೊಂಡಿದ್ದ ಬಯಲು. ಕಾವಲುಗಾರರೊಡನೆ ತಳ್ಳಾಟವಾಯಿತು. ಐವರಿಗೆ ಜೈಲಾಯಿತು. ಮುಂದೆ ನಿಂತಿದ್ದ ಬೆನ್ನಿ ರಾತ್‌ಮನ್‌ಗೆ ಆಗ ವಯಸ್ಸು ಇಪ್ಪತ್ತು. ವಾರವೆಲ್ಲ ಯಂತ್ರದ ಮುಂದೆ ದುಡಿದವನು ಭಾನುವಾರ ಗುಡ್ಡ ಹತ್ತಬೇಕೆಂದರೆ ಜೈಲು! 1949ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಪ್ರತಿ ಜಿಲ್ಲೆಯೂ ತನ್ನ ಕಾಲುದಾರಿಗಳನ್ನು ನಕಾಶೆಯಲ್ಲಿ ಗುರುತಿಸಬೇಕೆಂದಿತು. 2000ದಲ್ಲಿ ಬೆಟ್ಟ ಬಯಲುಗಳಲ್ಲಿ ಓಡಾಡುವ ಹಕ್ಕೂ ಬಂತು. ಕಿಂಡರ್ ಘಟನೆಗೆ ಎಪ್ಪತ್ತು ತುಂಬಿದಾಗ, 2002ರಲ್ಲಿ, ಅದೇ ಮನೆತನದ ಡ್ಯೂಕ್ ಜನರ ಮುಂದೆ ನಿಂತು ತನ್ನ ಅಜ್ಜನ ಕಾಲದಲ್ಲಿ ನಡೆದದ್ದಕ್ಕೆ ಕ್ಷಮೆ ಕೇಳಿದ. ಕೋಟೆ ನೋಡಲು ಹೋಗುವ ನಮ್ಮವರಿಗೆ ಈ ಕಥೆಯನ್ನು ಯಾರಾದರೂ ವಿಮಾನ ಹತ್ತುವ ಮೊದಲೇ ಹೇಳಬೇಕು. ಗೋಡೆ ಕಟ್ಟಿದವರ ಚರಿತ್ರೆಗಿಂತ ಬೇಲಿ ದಾಟಿದವರ ಚರಿತ್ರೆ ನನಗೆ ದೊಡ್ಡದು.

ನಮ್ಮಲ್ಲೂ ಗ್ರಾಮದ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳ ಗೆರೆಗಳಿವೆ. ನಕಾಶೆಯಲ್ಲಿ ಕಂಡ ದಾರಿಯನ್ನು ಬದು ಹಾಕಿ ಮುಚ್ಚಿದಾಗ ತಹಶೀಲ್ದಾರರ ಕಚೇರಿಗೆ ಅಲೆದವರ ಕಷ್ಟ ಹಳ್ಳಿಯವರಿಗೆಲ್ಲ ಗೊತ್ತು. ಕವಲೇದುರ್ಗದ ಸೊಗಸಿನಲ್ಲಿ ಅರ್ಧ ಪಾಲು ಗದ್ದೆಯ ಮಗ್ಗುಲಲ್ಲಿ ಹಾಯುವ ಆ ಕಲ್ಲುಹಾಸಿನ ದಾರಿಯದು. ಅದನ್ನು ಅಗಲ ಮಾಡಿ ಕೋಟೆಯ ಬಾಗಿಲಿಗೆ ಕಾರು ಬಿಡುವ ಬುದ್ಧಿ ಯಾರಿಗೂ ಬಾರದಿರಲಿ.

ಬೋಡಿಯಂ ಸುತ್ತಿನ ಹೊಲಗಳಲ್ಲಿ ನಡೆಯುವಾಗ ಅಲ್ಲಲ್ಲಿ ಇಟ್ಟಿಗೆಯ ದುಂಡನೆಯ ಕಟ್ಟಡಗಳು ಕಾಣುತ್ತವೆ. ಹೆಂಚಿನ ಶಂಕುವಿನಂಥ ಮಾಡು, ತುದಿಯಲ್ಲಿ ಗಾಳಿಗೆ ತಿರುಗುವ ಬಿಳಿ ಮರದ ಟೊಪ್ಪಿಗೆ. ಓಸ್ಟ್ ಮನೆ ಎನ್ನುತ್ತಾರೆ. ಬಿಯರಿಗೆ ಕಹಿ ಕೊಡುವ, ಕೆಡದಂತೆ ಇಡುವ ಹಾಪ್ಸ್ ಹೂವನ್ನು ಬಿಸಿಗಾಳಿಯಲ್ಲಿ ಒಣಗಿಸುತ್ತಿದ್ದ ಗೂಡುಗಳು. ಬೋಡಿಯಮ್ಮಿನಲ್ಲಿ ಗಿನ್ನೆಸ್ ಕಂಪನಿಯದೇ ಹಾಪ್ಸ್ ತೋಟವಿತ್ತು. ಈಗ ಎಷ್ಟೋ ಓಸ್ಟ್ ಮನೆಗಳಲ್ಲಿ ಪಟ್ಟಣದ ಅನುಕೂಲಸ್ಥರು ವಾಸವಾಗಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಪ್ರತಿ ಸೆಪ್ಟೆಂಬರಿನಲ್ಲಿ ಲಂಡನ್ನಿನ ಪೂರ್ವ ಭಾಗದ ಬಡ ಕೇರಿಗಳಿಂದ ಹೆಂಗಸರು, ಮಕ್ಕಳು, ಅಜ್ಜಿಯರು ಪಾತ್ರೆ ಪಡಗ ಕಟ್ಟಿಕೊಂಡು ವಿಶೇಷ ರೈಲುಗಳಲ್ಲಿ ಈ ಸೀಮೆಗೆ ಇಳಿಯುತ್ತಿದ್ದರು. 1900ರಲ್ಲಿ ಶುರುವಾದ ಇಲ್ಲಿನ ಪುಟ್ಟ ರೈಲುಮಾರ್ಗವೂ ಅವರನ್ನು ಹೊತ್ತಿದೆ. 1954ರಲ್ಲಿ ಆ ಮಾರ್ಗದಲ್ಲಿ ಪ್ರಯಾಣಿಕರ ರೈಲು ನಿಂತಿತು. ಆಸಕ್ತರು ಸೇರಿ ಅದಕ್ಕೆ ಜೀವ ಕೊಟ್ಟು 2000ದಲ್ಲಿ ಬೋಡಿಯಮ್ಮಿನವರೆಗೆ ಮತ್ತೆ ಹಬೆ ಎಂಜಿನ್ ಓಡುವಂತೆ ಮಾಡಿದರು.

ಬಂದವರಿಗೆ ಸಾಲು ಗುಡಿಸಲು, ಹುಲ್ಲು ತುಂಬಿದ ಹಾಸಿಗೆ, ಒಟ್ಟಿಗೆ ಬೇಯಿಸಿಕೊಳ್ಳಲು ಒಲೆ. ಬೆಳಗಿನ ಮಂಜಿನಲ್ಲಿ ತೊಯ್ದ ಬಳ್ಳಿಗಳನ್ನು ತಂತಿಯಿಂದ ಎಳೆದು, ಗೋಣಿಬಟ್ಟೆಯ ತೊಟ್ಟಿಲಿಗೆ ಹೂವು ಬಿಡಿಸಬೇಕು. ಕೈಯೆಲ್ಲ ಕಪ್ಪು, ಕಹಿ. ಆದರೂ ಅವರಿಗೆ ವರ್ಷದಲ್ಲಿ ಹೊಗೆಯಿಲ್ಲದ ಗಾಳಿ ಸಿಗುತ್ತಿದ್ದದ್ದು ಆ ಕೆಲವು ವಾರಗಳಲ್ಲೇ. 1931ರಲ್ಲಿ ಜಾರ್ಜ್ ಆರ್ವೆಲ್ ಪಕ್ಕದ ಕೆಂಟ್ ಸೀಮೆಯಲ್ಲಿ ಈ ಕೂಲಿಗೆ ಹೋಗಿ, ಕಂಡದ್ದನ್ನು ಬರೆದ. ಅದನ್ನು ಓದಿದಾಗ ನನ್ನ ಮನಸ್ಸು ಕೊಡಗಿನ ಲೈನ್ ಮನೆಗಳ ಕಡೆ ಓಡಿತ್ತು. ಸಾಲು ಮನೆ, ಹಂಗಾಮಿಗೆ ಬರುವ ಕುಟುಂಬಗಳು, ಮಗುವನ್ನು ಗಿಡದ ನೆರಳಲ್ಲಿ ಮಲಗಿಸಿ ಹಣ್ಣು ಕೊಯ್ಯುವ ತಾಯಂದಿರು. ಎರಡು ದೇಶದ ಬಡವರು ಒಬ್ಬರನ್ನೊಬ್ಬರು ಕಾಣದೆ ಒಂದೇ ಬಗೆಯ ಬಾಳನ್ನು ಬಾಳಿದ್ದರು.

ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಹೆಂಗಸು ಚಿಕ್ಕಂದಿನಲ್ಲಿ ಪಿರಿಯಾಪಟ್ಟಣದ ಕಡೆಯಿಂದ ತಾಯಿಯ ಜೊತೆ ಕಾಫಿ ಕೊಯ್ಲಿಗೆ ಹೋಗುತ್ತಿದ್ದವರು. ಇವತ್ತು ಅವರು ಬುಟ್ಟಿ ಇಳಿಸಿದಾಗ, ತಲೆಯಲ್ಲಿ ಇದೇ ತುಂಬಿದ್ದರಿಂದ, ಹಾಪ್ಸ್ ಬಿಡಿಸಲು ಬರುತ್ತಿದ್ದವರ ಕಥೆಯನ್ನು ಅವರಿಗೆ ಹೇಳಿದೆ. ಕೋಟೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಕೂಲಿ ಹೆಂಗೆ ಸ್ವಾಮಿ ಅಲ್ಲಿ? ದಿನದ ಲೆಕ್ಕವೋ, ಅಳತೆ ಲೆಕ್ಕವೋ?" ಎಂದರು. ಅಳತೆ ಲೆಕ್ಕ, ಒಂದು ಶಿಲಿಂಗಿಗೆ ಎಷ್ಟು ಕೊಳಗ ಎಂಬುದು ಹಂಗಾಮಿನ ಮೊದಲಲ್ಲಿ ತೀರ್ಮಾನವಾಗಬೇಕು, ಒಪ್ಪಿಗೆಯಾಗದಿದ್ದರೆ ಹೆಂಗಸರು ಬಳ್ಳಿ ಮುಟ್ಟದೆ ಕೂತುಬಿಡುತ್ತಿದ್ದರು ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಸರಿಯಾಗಿ ಕೂತರು. "ನಾವೂ ಕೂತಿದ್ವಿ ಸ್ವಾಮಿ ಒಂದು ವರ್ಷ. ನಮ್ಮವ್ವನೇ ಮೊದಲು ಕೂತಿದ್ದು. ಆ ರೈಟರು ತೂಕದ ಕಲ್ಲಲ್ಲಿ ಮೋಸ ಮಾಡ್ತಿದ್ದ..." ಎಂದು ಶುರುಮಾಡಿದ ಕಥೆ, ತೋಟದ ಸಾಹುಕಾರರು ಬಂದು ಕಲ್ಲು ಬದಲಾಯಿಸುವವರೆಗೆ, ಹತ್ತೂವರೆ ಗಂಟೆಯ ತನಕ ನಡೆಯಿತು.